ಅಧ್ಯಕ್ಷರು ಎರಡು ತಟ್ಟೆ ತಿಂದ ಪುಡ್ಡಿಂಗ್

ತನ್ನ ಮೂಗು ಕೆಲಸ ಮಾಡುತ್ತಿಲ್ಲ ಎಂಬುದನ್ನು ವರ್ನೀಟಾ ಪ್ಯಾಜೆಟ್ ಎರಡು ವರ್ಷ ಡಾಕ್ಟರನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಎರಡು ಚಳಿಗಾಲದ ಹಿಂದೆ ಬಂದ ಜ್ವರ ಹೋಗುವಾಗ ಅವಳ ವಾಸನೆಯನ್ನೂ ರುಚಿಯನ್ನೂ ಹೊತ್ತುಕೊಂಡು ಹೋಗಿತ್ತು. ಕಾಫಿ ಬಿಸಿನೀರಾಯಿತು. ಹುರಿದ ಹಂದಿಮಾಂಸ ಕಾಗದ ಅಗಿದ ಹಾಗಾಯಿತು. ಡಾಕ್ಟರು ಮೆಲ್ಲಗೆ ಮರಳಿ ಬರಬಹುದು ಎಂದಿದ್ದರು. ಬರಲಿಲ್ಲ.

ಬೇರೆಯವರಿಗೆ ಆಗಿದ್ದರೆ ನೆರೆಹೊರೆಯಲ್ಲಿ ಹೇಳಿಕೊಂಡು ಹಗುರಾಗುತ್ತಿದ್ದರು. ವರ್ನೀಟಾ ಹೇಗೆ ಹೇಳಿಯಾಳು? ಮೂವತ್ತೊಂದು ವರ್ಷ ನಮ್ಮ ಸ್ಟೋನಿ ರನ್ ಶಾಲೆಯ ಅಡುಗೆಮನೆಯನ್ನು ನಡೆಸಿದವಳು ಅವಳು. ಅದಕ್ಕಿಂತ ಹೆಚ್ಚಾಗಿ, ಅಧ್ಯಕ್ಷರ ಪುಡ್ಡಿಂಗಿನವಳು. ದಕ್ಷಿಣ ಇಂಡಿಯಾನಾದ ಈ ಗುಡ್ಡಗಳ ನಡುವೆ ಅವಳ ಹೆಸರು ಗೊತ್ತಿಲ್ಲದವರಿಗೂ ಆ ಪುಡ್ಡಿಂಗು ಗೊತ್ತು.

ಅದು ನಡೆದದ್ದು ಅವಳು ಮದುವೆಯಾಗಿ ಕೆಲವು ವರ್ಷಗಳಾಗಿದ್ದಾಗ. ದೇಶದ ಅಧ್ಯಕ್ಷರಾಗಲು ಚುನಾವಣೆಗೆ ನಿಂತಿದ್ದ ಒಬ್ಬರು ಬಸ್ಸಿನಲ್ಲಿ ಊರೂರು ಸುತ್ತುತ್ತ ನಮ್ಮ ಚರ್ಚಿನ ನೆಲಮಾಳಿಗೆಗೆ ಊಟಕ್ಕೆ ಬಂದರು. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಆ ಹೆಸರೆತ್ತಿದರೆ ಇವತ್ತಿಗೂ ನಮ್ಮಲ್ಲಿ ಎರಡು ಪಂಗಡವಾಗಿ ಮೇಜಿನ ಮೇಲಿನ ಊಟ ಆರಿಹೋಗುತ್ತದೆ. ಅವತ್ತು ವರ್ನೀಟಾ ಪರ್ಸಿಮನ್ ಹಣ್ಣಿನ ಪುಡ್ಡಿಂಗ್ ಮಾಡಿದ್ದಳು. ಕಾಡಂಚಿನ ಮರದಿಂದ ತಾನಾಗಿ ನೆಲಕ್ಕೆ ಬಿದ್ದ ಹಣ್ಣನ್ನೇ ಆರಿಸಬೇಕು. ಕೈಯಿಂದ ಕಿತ್ತರೆ ನಾಲಿಗೆ ಹಿಡಿಯುವ ಒಗರು, ಬಿದ್ದದ್ದಾದರೆ ಜೇನು. ಬಂದವರು ಒಂದು ತಟ್ಟೆ ತಿಂದರು. ತಟ್ಟೆಯನ್ನು ಮತ್ತೆ ಮುಂದೆ ಚಾಚಿದರು. ಪಾತ್ರೆ ಬರಿದಾಗಿತ್ತು. ಕಲ್ಲುಗಣಿಯ ಕೆಲಸ ಮುಗಿಸಿ ಬರುವ ಗಂಡ ಹೋಬರ್ಟನಿಗೆಂದು ಎತ್ತಿಟ್ಟಿದ್ದ ತುಂಡನ್ನೇ ಅವಳು ತಂದು ಕೊಟ್ಟಳು.

"ನನ್ನ ಪಾಲು ತಿಂದವನಿಗೆ ಓಟೂ ನಾನೇ ಹಾಕ್ಬೇಕಾ?" ಎಂದ ಹೋಬರ್ಟ್ ನಿಜವಾಗಿಯೂ ಹಾಕಲಿಲ್ಲ. ಆದರೂ ಅವರು ಗೆದ್ದರು. ಗೆದ್ದ ಮೇಲೆ ಯಾರೋ ಪತ್ರಿಕೆಯವರು ನಿಮಗೆ ಅತ್ಯಂತ ಇಷ್ಟವಾದ ತಿನಿಸು ಯಾವುದೆಂದು ಕೇಳಿದರೆ, ಇಂಡಿಯಾನಾದ ಒಂದು ಚರ್ಚಿನಲ್ಲಿ ತಿಂದ ಪುಡ್ಡಿಂಗ್ ಎಂದುಬಿಟ್ಟರು. ತಿಂಗಳೊಳಗೆ ರಾಜಧಾನಿಯಿಂದ ವರ್ನೀಟಾಳಿಗೆ ಕಾಗದ ಬಂತು. ಮಾಡುವ ವಿಧಾನ ಬರೆದು ಕಳಿಸಬೇಕಂತೆ.

ಇಲ್ಲಿ ನಮ್ಮ ಊರಿನ ಒಂದು ರೂಢಿ ಹೇಳಬೇಕು. ಅಡುಗೆಯ ವಿಧಾನ ಕೇಳಿದವರಿಗೆ ನಾವು ಇಲ್ಲವೆನ್ನುವುದಿಲ್ಲ. ಇಲ್ಲವೆಂದರೆ ಜಂಬದವಳು ಎನ್ನುತ್ತಾರೆ. ಆದರೆ ಪೂರ್ತಿಯಾಗಿ ಕೊಡುವುದೂ ಇಲ್ಲ. ಒಂದು ಸಾಮಾನು ಬಿಡುತ್ತೇವೆ, ಇಲ್ಲವೇ ಒಂದನ್ನು ಬದಲಿಸುತ್ತೇವೆ. ಚರ್ಚಿನ ಹೆಂಗಸರೆಲ್ಲ ಸೇರಿ ಅಚ್ಚು ಹಾಕಿಸಿದ ಅಡುಗೆ ಪುಸ್ತಕದಲ್ಲಿ ಹಾಗೆ ಬರೆಯದವರು ನನಗೆ ತಿಳಿದಂತೆ ಯಾರೂ ಇಲ್ಲ. ನನ್ನ ಬೀನ್ಸಿನ ಸಾರಿನಲ್ಲಿಯೂ ಸಾಸಿವೆ ಬಿಟ್ಟುಹೋಗಿದೆ. ದೇವರ ಮನೆಯ ಪುಸ್ತಕದಲ್ಲಿ ಹೀಗೆ ಮಾಡಬಹುದೇ ಎಂದು ಆಗ ನನಗೆ ಅನಿಸಲಿಲ್ಲ.

ವರ್ನೀಟಾ ತನ್ನ ಪುಡ್ಡಿಂಗಿನಲ್ಲಿ ಎರಡು ಕಡೆ ಬದಲಿಸಿದ್ದಳು. ಹಳ್ಳದ ದಂಡೆಯಲ್ಲಿ ಮಸಾಲೆಪೊದೆ ಎಂಬ ಗಿಡ ಬೆಳೆಯುತ್ತದೆ. ಅದರ ಕೆಂಪು ಕಾಯಿಯನ್ನು ಒಣಗಿಸಿ ಕುಟ್ಟಿ ಹಾಕುವುದು ಅವಳ ತಾಯಿಯ ಕಡೆಯ ಪದ್ಧತಿ. ಪುಸ್ತಕದಲ್ಲಿ ದಾಲ್ಚಿನ್ನಿ ಎಂದು ಬರೆದಳು. ಓವನ್ನಿನಲ್ಲಿ ಬೇಯುವಾಗ ಕಾಲುಗಂಟೆಗೊಮ್ಮೆ ಹೊರತೆಗೆದು ಅಡಿಯಿಂದ ಕಲಸಿ ಮತ್ತೆ ಇಡಬೇಕು. 'ಬೇಯುವ ತನಕ ಓವನ್ ಬಾಗಿಲು ತೆಗೆಯಬಾರದು' ಎಂದು ಬರೆದಳು. ರಾಜಧಾನಿಗೂ ಅದನ್ನೇ ನಕಲು ಮಾಡಿ ಕಳಿಸಿದಳು.

ಉತ್ತರ ಬಂತು. ಅಧ್ಯಕ್ಷರು ಸಂತೋಷದಿಂದ ತಿಂದರು, ಆದರೆ ನಿಮ್ಮಲ್ಲಿ ತಿಂದ ರುಚಿ ಬರಲಿಲ್ಲ, ಬಹುಶಃ ಅದು ನಿಮ್ಮ ಊರಿನ ನೀರಿನ ಗುಣವಿರಬೇಕು ಎಂದರು, ಎಂದಿತ್ತು. ಊರಿನವರು ಹಿಗ್ಗಿ ಆ ಕಾಗದಕ್ಕೆ ಚೌಕಟ್ಟು ಹಾಕಿಸಿ ನೆಲಮಾಳಿಗೆಯ ಗೋಡೆಗೆ ತೂಗುಹಾಕಿದರು. ಊರ ಬಾಗಿಲಲ್ಲಿ 'ಅಧ್ಯಕ್ಷರು ಮೆಚ್ಚಿದ ನೀರು' ಎಂದು ಬೋರ್ಡೂ ನಿಂತಿತು.

ಅಲ್ಲಿಂದಲೇ ಹಿಂದಿನ ಅಧ್ಯಕ್ಷರನ್ನೆಲ್ಲ ನೆನೆಯುವ ಫೆಬ್ರವರಿಯ ರಜೆ, ಅಧ್ಯಕ್ಷರ ದಿನದ ಸೋಮವಾರಕ್ಕೆ ಮುಂಚಿನ ಶನಿವಾರ ಮಧ್ಯಾಹ್ನ ಚರ್ಚಿನಲ್ಲಿ ಸಹಭೋಜನ ಶುರುವಾದದ್ದು. ಮನೆಗೊಬ್ಬ ಅಧ್ಯಕ್ಷರು. ಅವರಿಗೆ ಇಷ್ಟವಾದುದನ್ನು ಆ ಮನೆಯವರೇ ತರಬೇಕು. ವಾಷಿಂಗ್ಟನ್ನರದು ಓಪಲ್ ಕಿನ್ಸರ್ ಮನೆ. ಜೋಳದ ಹಿಟ್ಟಿನ ದೋಸೆ ಬಿಸಿಬಿಸಿಯಾಗಿ ಹುಯ್ದು, ಹಲ್ಲಿಲ್ಲದವರೂ ನುಂಗುವಂತೆ ಬೆಣ್ಣೆ ಜೇನಿನಲ್ಲಿ ಮುಳುಗಿಸುತ್ತಾಳೆ. ಲಿಂಕನ್ನರಿಗೆ ಸೇಬು. ರೇಗನ್ನರಿಗೆ ಬಣ್ಣಬಣ್ಣದ ಜೆಲ್ಲಿ ಬೀನ್ಸ್ ಮಿಠಾಯಿ. ನಿಕ್ಸನ್ನರು ಮೆದು ಚೀಸಿಗೆ ಟೊಮ್ಯಾಟೊ ಕೆಚಪ್ ಸುರಿದು ತಿನ್ನುತ್ತಿದ್ದರಂತೆ. ಅದನ್ನು ತರುವ ಡೆಂಜಿಲ್ ಮುದುಕ ಪ್ರತಿ ವರ್ಷವೂ ಮುಟ್ಟದ ಬಟ್ಟಲನ್ನೇ ಮನೆಗೆ ಒಯ್ಯುತ್ತಾನೆ. ಹಿರಿಯ ಬುಷ್ ಅವರಿಗೆ ಬ್ರಾಕಲಿ ಆಗುತ್ತಿರಲಿಲ್ಲವಾದ್ದರಿಂದ ಆ ದಿನ ಅದಕ್ಕೆ ಚರ್ಚಿನ ಮೆಟ್ಟಿಲು ಹತ್ತಲು ಅಪ್ಪಣೆ ಇಲ್ಲ. ಕೊನೆಯಲ್ಲಿ ವರ್ನೀಟಾಳ ಪುಡ್ಡಿಂಗ್. ಅದು ಬರುವವರೆಗೆ ಯಾರೂ ಕೋಟು ಹಾಕಿಕೊಳ್ಳುವುದಿಲ್ಲ.

ಕಳೆದ ವರ್ಷ ಅವಳು ತಂದ ಪುಡ್ಡಿಂಗಿನಲ್ಲಿ ಏನೋ ಹಳಸಿದ ಸುಳಿವಿತ್ತು. "ಹೇಗಿತ್ತೇ?" ಎಂದು ಅವಳು ನನ್ನನ್ನು ಕೇಳಿದಳು. ಹಾಗೆ ಕೇಳುವ ಅಭ್ಯಾಸ ಅವಳಿಗೆ ಹಿಂದೆಂದೂ ಇರಲಿಲ್ಲ. "ಎಂದಿನ ಹಾಗೇ ಇತ್ತು" ಎಂದೆ. ಅವಳ ಎದುರುಮನೆಯಲ್ಲಿ ಮೂವತ್ತೆಂಟು ವರ್ಷ ಇದ್ದು, ಅವಳ ಮಾತನ್ನೆಲ್ಲ ಕೇಳುತ್ತ ಬಂದ ನಾನು, ಹೇಳಬೇಕಾದ ಒಂದು ಮಾತನ್ನು ಹೇಳಲಿಲ್ಲ.

ಈ ವರ್ಷ ಜನವರಿಯಲ್ಲಿ ಹೋಬರ್ಟನಿಗೆ ಲಕ್ವ ಹೊಡೆಯಿತು. ಬಲಗಡೆ ಬಿದ್ದುಹೋಯಿತು. ಮಾತಿನಲ್ಲಿ ಹೂಂ, ಇಲ್ಲ, ಮತ್ತು ಗಣಿಯಲ್ಲಿ ಕಲಿತ ಒಂದು ಬೈಗುಳ ಉಳಿದವು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ದಿನದಿನಕ್ಕೆ ಊಟ ಬಿಡುತ್ತ ಬಂದ. ಚಮಚ ತುಟಿಗೆ ತಾಗಿದರೆ ಸಾಕು, ಬಾಯಿ ಬೀಗ.

ಅಧ್ಯಕ್ಷರ ದಿನಕ್ಕೆ ಮುಂಚಿನ ಗುರುವಾರ, ಮನೆಗೆ ಬಂದು ನೋಡಿಹೋಗುವ ನರ್ಸ್ ಶೆಲ್ಬಿ ಅಡುಗೆಮನೆಯಲ್ಲಿ ನಿಂತು ಮೆಲುದನಿಯಲ್ಲಿ ಹೇಳಿದಳು. "ಮಿಸೆಸ್ ಪ್ಯಾಜೆಟ್, ನಾಲ್ಕು ದಿನದಿಂದ ಬರೀ ನೀರು. ನುಂಗೋಕೆ ಬರುತ್ತೆ ಅವರಿಗೆ, ನಾನೇ ಪರೀಕ್ಷೆ ಮಾಡಿದೀನಿ. ಬಾಯಿ ಬಿಡ್ತಿಲ್ಲ ಅಷ್ಟೆ. ಸೋಮವಾರ ರಜ, ಮಂಗಳವಾರ ಬೆಳಿಗ್ಗೆ ಬರ್ತೀನಿ. ಅಷ್ಟರಲ್ಲಿ ಏನಾದ್ರೂ ಹೊಟ್ಟೆಗೆ ಹೋಗಿರ್ಬೇಕು. ಇಲ್ದಿದ್ರೆ ಕೌಂಟಿಯ ಆರೈಕೆ ಮನೆಗೆ ಕಳಿಸ್ದೆ ಬೇರೆ ದಾರಿ ಇಲ್ಲ. ಅಲ್ಲಿ ಕೊಳವೆ ಹಾಕಿ ಉಣ್ಣಿಸ್ತಾರೆ."

ವರ್ನೀಟಾ ಕೈಗಳನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡಳು. ಹೋಬರ್ಟನ ಅಣ್ಣ ಅದೇ ಆರೈಕೆ ಮನೆಯಲ್ಲಿ ಹನ್ನೊಂದು ತಿಂಗಳು ಮೂಗಿನ ಕೊಳವೆಯೊಂದಿಗೆ ಮಲಗಿ ತೀರಿಕೊಂಡಿದ್ದ. ಅಂತ್ಯಕ್ರಿಯೆ ಮುಗಿಸಿ ಬರುವಾಗ ಹೋಬರ್ಟ್ ಗಾಡಿಯನ್ನು ದಾರಿ ಬದಿಗೆ ನಿಲ್ಲಿಸಿ, "ನನ್ನನ್ನ ಅಲ್ಲಿಗೆ ಕಳ್ಸಲ್ಲ ಅಂತ ಮಾತು ಕೊಡು" ಎಂದು ಅವಳ ಕೈ ಹಿಡಿದಿದ್ದ. ಅವಳು ಮಾತು ಕೊಟ್ಟಿದ್ದಳು. ಮಕ್ಕಳಿಲ್ಲದ ಮನೆ. ಅವನಿಗೆ ಅವಳ ಮಾತೊಂದೇ ಆಸ್ತಿ.

ಹೊರಡುವ ಮುಂಚೆ ಶೆಲ್ಬಿ ಅವನ ಮಂಚದ ಬಳಿ ಬಾಗಿದಳು. "ಹೋಬರ್ಟ್, ಏನು ತಿಂತೀರಿ ಹೇಳಿ? ಏನಾದ್ರೂ ಸರಿ."

ಅವನು ಬಹಳ ಹೊತ್ತು ತುಟಿ ಕೂಡಿಸಿದ. "ಪು... ಪುಡ್ಡಿಂಗ್."

ಒಂದು ತಿಂಗಳಲ್ಲಿ ಅದು ಅವನು ಆಡಿದ ಹೊಸ ಮಾತು. ಶೆಲ್ಬಿ ಚಪ್ಪಾಳೆ ತಟ್ಟಿದಳು. ವರ್ನೀಟಾಳ ಮುಖ ಬಿಳಿಚಿದ್ದನ್ನು ನಾನು ಕಂಡೆ. ಏಕೆಂದು ತಿಳಿಯಲಿಲ್ಲ.

ಶುಕ್ರವಾರ ಅವಳು ಹಣ್ಣಿನ ಕಾಲದಲ್ಲಿ ಹಿಂಡಿ ಫ್ರೀಜರಿನಲ್ಲಿಟ್ಟಿದ್ದ ತಿರುಳಿನಿಂದ ಪುಡ್ಡಿಂಗ್ ಮಾಡಿದಳು. ನಾನು ಅವನನ್ನು ದಿಂಬಿಗೆ ಒರಗಿಸಿ ಕೂರಿಸಿದೆ. ಬಟ್ಟಲನ್ನು ಕಂಡದ್ದೇ ಹೋಬರ್ಟ್ ತಾನಾಗಿ ಬಾಯಿ ತೆರೆದ. ವರ್ನೀಟಾ ಚಮಚ ಇಟ್ಟಳು. ಒಂದು ಗಳಿಗೆ ಅಷ್ಟೆ. ಅವನ ಮುಖ ಮುದುಡಿತು. ಬಾಯಲ್ಲಿದ್ದದ್ದು ಗಲ್ಲದ ಮೇಲೆ ಇಳಿಯಿತು. ಅವನು ಅವಳನ್ನೇ ನೋಡಿದ. ಆಮೇಲೆ ಗೋಡೆಯ ಕಡೆ ತಿರುಗಿದವನು ಆ ದಿನ ನೀರಿಗೂ ಬಾಯಿ ತೆರೆಯಲಿಲ್ಲ.

ಅಡುಗೆಮನೆಗೆ ಬಂದು ಅವಳು ಬಟ್ಟಲನ್ನು ನನ್ನ ಮುಂದೆ ಹಿಡಿದಳು. "ತಿಂದು ನೋಡು."

ತಿಂದೆ. ಹಳೆಯ ಬಂಡಿ ಕೀಲಿನ ಎಣ್ಣೆಯ ಹಾಗೆ ಕಮಟು.

"ಸ್ವಲ್ಪ..." ಎಂದೆ.

"ಸುಳ್ಳು ಹೇಳ್ಬೇಡ. ಈಗ ಹೇಳ್ಬೇಡ."

"ಕಮಟು ಹಿಡಿದಿದೆ ವರ್ನೀಟಾ. ತುಂಬಾ."

ಅವಳು ಕುರ್ಚಿಯಲ್ಲಿ ಕುಸಿದಳು. ಆಗಲೇ ಮೂಗಿನ ವಿಷಯವೂ, ಪುಸ್ತಕದ ಸುಳ್ಳೂ, ರಾಜಧಾನಿಯ ಕಾಗದದ ಸುಳ್ಳೂ ಒಂದರ ಹಿಂದೊಂದು ಹೊರಬಂದವು. ಒಲೆಯ ಮೇಲಿನ ಗೂಡಿನಿಂದ ಶೀಶೆ ತೆಗೆದು ತೋರಿಸಿದಳು. ಮಸಾಲೆಪೊದೆಯ ಕಾಯಿ. ಎಣ್ಣೆಯಂಶದ ಕಾಯಿ ಅದು. ಪ್ರತಿ ವರ್ಷ ಮೂಸಿ ನೋಡಿ ಹಳತನ್ನು ಎಸೆಯುತ್ತಿದ್ದಳು. ಮೂಗು ಹೋದ ಮೇಲೆ ಮೂಸಿದರೂ ಒಂದೇ, ಬಿಟ್ಟರೂ ಒಂದೇ. ಹೊಸದನ್ನು ಆರಿಸಲು ಹಳ್ಳಕ್ಕೆ ಇಳಿಯುವ ಕಾಲೂ ಉಳಿದಿರಲಿಲ್ಲ.

"ಅವನು ಬಾಯಿ ಬಿಟ್ಟಿದ್ದು ನೋಡಿದ್ಯಲ್ಲ?" ಎಂದಳು. "ಹಕ್ಕಿಮರಿ ಹಾಗೆ ಬಿಟ್ಟ. ಅದ್ರೊಳಗೆ ಇದನ್ನ ಹಾಕ್ದೆ ನಾನು."

ಸಂಜೆಯೊಳಗೆ ನಾನು ನನ್ನ ಮನೆಯಲ್ಲಿ ಪುಸ್ತಕದ ಪ್ರಕಾರ ದಾಲ್ಚಿನ್ನಿ ಹಾಕಿ ಮಾಡಿ ತಂದೆ. ತುಟಿಗೆ ತಾಗಿಸಿದೆವು. ಹೋಬರ್ಟ್ ತನ್ನ ಆ ಒಂದು ಬೈಗುಳವನ್ನು ಬಳಸಿ ಮತ್ತೆ ಗೋಡೆಗೆ ತಿರುಗಿದ. ಚಹಾಕ್ಕೆ ಬೇಕೆಂದು ನೆಪ ಹೇಳಿ ಮೂರು ಮನೆಗೆ ಫೋನ್ ಮಾಡಿ ಕಾಯಿ ಕೇಳಿದೆ. ಈಗ ಯಾರು ಆರಿಸುತ್ತಾರೆ ಅದನ್ನೆಲ್ಲ ಎಂದರು.

"ಕಾಯಿ ಸಿಕ್ರೂ ಸಾಲದು," ಎಂದಳು ವರ್ನೀಟಾ. "ಆ ವರ್ಷದ ಹಣ್ಣಿನ ಒಗರು ನೋಡ್ಕೊಂಡು ಮಸಾಲೆ ಹಾಕ್ಬೇಕು. ಅದಕ್ಕೆ ಅಳತೆ ಇಲ್ಲ. ನಾಲಿಗೆ ಬೇಕು. ನಿನ್ನ ನಾಲಿಗೆಗೆ ಆಗಲ್ಲ, ಬೇಜಾರು ಮಾಡ್ಕೋಬೇಡ."

ಮಾಡಿಕೊಳ್ಳಲಿಲ್ಲ. ಉಪ್ಪು ಸಕ್ಕರೆಗಿಂತ ಮುಂದಕ್ಕೆ ನನ್ನ ನಾಲಿಗೆ ಹೋಗಿಲ್ಲ.

"ಊರಲ್ಲಿ ಒಂದೇ ನಾಲಿಗೆ ಇದೆ ಅಂಥಾದ್ದು," ಎಂದಳು. ನಾವಿಬ್ಬರೂ ಹೆಸರು ಹೇಳಲಿಲ್ಲ.

ಓಪಲ್ ಕಿನ್ಸರ್ ಕೇಕಿನ ಚೂರು ಬಾಯಿಗಿಟ್ಟು ಬೆಣ್ಣೆ ಯಾವ ಅಂಗಡಿಯದೆಂದು ಹೇಳುವವಳು. ಹದಿನಾಲ್ಕು ವರ್ಷದ ಹಿಂದೆ ವರ್ನೀಟಾಳಿಗೆ ಪಿತ್ತಕೋಶದ ಆಪರೇಷನ್ ಆದಾಗ ಸಹಭೋಜನಕ್ಕೆ ಪುಡ್ಡಿಂಗ್ ಮಾಡುವ ಭಾರ ಓಪಲ್‌ಳ ಮೇಲೆ ಬಿತ್ತು. ಪುಸ್ತಕ ಮುಂದಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಮಾಡಿದಳು. ಜನ ಒಂದೊಂದು ಚಮಚ ತಿಂದು ಪಕ್ಕಕ್ಕಿಟ್ಟರು. ಅವಳ ಅತ್ತೆ ಎಲ್ಲರೆದುರು, "ಕೈಗುಣ ಅನ್ನೋದು ಕೇಳಿ ಪಡ್ಕೊಳ್ಳೋದಲ್ಲ ಬಿಡಿ" ಎಂದರು. ಪಾತ್ರೆ ತೊಳೆಯುವ ಕೋಣೆಯಲ್ಲಿ ಓಪಲ್ ನನ್ನ ಭುಜಕ್ಕೆ ಮುಖವಿಟ್ಟು ಅತ್ತಿದ್ದಳು. "ಎಲ್ಲಾ ಸರಿಯಾಗೇ ಹಾಕ್ದೆ ಕಣೇ. ನನ್ನ ಕೈಯಲ್ಲೇ ಏನೋ ಇಲ್ಲ." ಅಂದಿನಿಂದ ಸಿಹಿ ಮಾಡುವುದನ್ನೇ ಬಿಟ್ಟಳು, ಆ ಪುಡ್ಡಿಂಗನ್ನು ಬಾಯಿಗೂ ಇಡಲಿಲ್ಲ. ವರ್ಷಕ್ಕೊಮ್ಮೆ ವಾಷಿಂಗ್ಟನ್ನರ ದೋಸೆ ಹುಯ್ಯುವುದು ಬಿಟ್ಟರೆ ಚರ್ಚಿನ ಒಲೆ ಮುಟ್ಟುತ್ತಿರಲಿಲ್ಲ. ಇದು ವರ್ನೀಟಾಳಿಗೂ ಗೊತ್ತಿತ್ತು.

ಶನಿವಾರ ನಾನು ಹೋಬರ್ಟನ ಬಳಿ ಪಾಸ್ಟರರ ಹೆಂಡತಿಯನ್ನು ಕೂರಿಸಿ ವರ್ನೀಟಾಳನ್ನು ಕರೆದುಕೊಂಡು ಹೋದೆ. ಕೈಯಲ್ಲಿ ಏನೂ ಇಲ್ಲದೆ ಅವಳು ನೆಲಮಾಳಿಗೆಯ ಮೆಟ್ಟಿಲಿಳಿದದ್ದು ಅದೇ ಮೊದಲು. ಗಂಡನ ಕಾಯಿಲೆಯಲ್ಲಿ ಪುಡ್ಡಿಂಗ್ ಎಲ್ಲಿ ಬಂತು ಎಂದು ಜನ ದಾರಿ ಬಿಟ್ಟರು. ಅವಳು ನೇರವಾಗಿ ಕಾವಲಿಯ ಮುಂದೆ ನಿಂತಿದ್ದ ಓಪಲ್ ಬಳಿ ಹೋದಳು.

"ಓಪಲ್, ನಿನ್ನ ನಾಲಿಗೆಯಿಂದ ಒಂದು ಉಪಕಾರ ಆಗ್ಬೇಕಿತ್ತು."

"ಇದೇನಪ್ಪ ಹೊಸದು!" ಓಪಲ್ ದೋಸೆ ಮಗುಚಿದಳು. "ಅದನ್ನ ಒಳಗಿಟ್ಕೋ ಅಂತ ಹೇಳೋರೇ ಎಲ್ಲಾ."

ಸುತ್ತಲಿದ್ದವರು ನಕ್ಕರು. ವರ್ನೀಟಾ ನಗಲಿಲ್ಲ. ತಗ್ಗಿದ ದನಿಯಲ್ಲಿ ಮೊದಲು ಹೋಬರ್ಟನ ಸ್ಥಿತಿ ಹೇಳಿದಳು, ಮಂಗಳವಾರದ ಗಡುವು ಹೇಳಿದಳು, ತನ್ನ ಮೂಗಿನ ವಿಷಯ ಹೇಳಿದಳು. ಓಪಲ್ ಸಟ್ಟುಗ ಕೆಳಗಿಟ್ಟು, "ಅಯ್ಯೋ ವರ್ನೀಟಾ" ಎಂದು ಅವಳ ತೋಳು ಹಿಡಿದಳು. "ಅಷ್ಟೇ ತಾನೆ? ಬರ್ತೀನಿ. ಪುಸ್ತಕ ನೋಡಿ ಇಬ್ರೂ ಸೇರಿ ಮಾಡೋಣ."

"ಪುಸ್ತಕದಲ್ಲಿರೋದು ಸರಿ ಇಲ್ಲ."

"ಏನು ಸರಿ ಇಲ್ಲ?"

"ದಾಲ್ಚಿನ್ನಿ ಅಲ್ಲ ಅದಕ್ಕೆ ಹಾಕೋದು. ಮಸಾಲೆಪೊದೆ ಕಾಯಿ."

ಓಪಲ್ ಕೈ ಅವಳ ತೋಳಿನ ಮೇಲೆಯೇ ಇತ್ತು. "ಬಾಗಿಲು ತೆಗೀಬಾರ್ದು ಅಂತ ಇದೆಯಲ್ಲ?"

"ಕಾಲುಗಂಟೆಗೊಂದ್ಸಲ ತೆಗೆದು ಕಲಸ್ಬೇಕು."

ಕಾವಲಿಯ ಮೇಲೆ ದೋಸೆ ಸೀಯತೊಡಗಿತು. ಓಪಲ್ ಕೈ ಹಿಂದಕ್ಕೆ ತೆಗೆದುಕೊಂಡಳು.

"ನಾನು ಅತ್ತಿದ್ದು ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ನೋಡೋಕೆ ಬಂದಾಗ ನಿನ್ನ ಮಂಚದ ಮೇಲೆ ಕೂತು ಕೇಳ್ದೆ ನಾನು, ನಂದೇನು ತಪ್ಪಾಯ್ತು ಅಂತ. ಏನಂದೆ ನೀನು?"

ವರ್ನೀಟಾ ತಲೆ ತಗ್ಗಿಸಿದಳು. "ಇನ್ನೊಂದ್ಸಲ ಮಾಡಿದ್ರೆ ಕೈ ಕೂರುತ್ತೆ ಅಂದೆ."

ಓಪಲ್ ತಿರುಗಿ ಇಡೀ ಕೋಣೆಗೆ ಕೇಳುವಂತೆ ಹೇಳಿದಳು. "ಕೇಳಿಸ್ಕೊಂಡ್ರಾ ಎಲ್ರೂ? ನನ್ನ ಕೈಯಲ್ಲಿ ಏನೂ ಕೊರತೆ ಇರ್ಲಿಲ್ಲ! ಬರೆದದ್ದೇ ಸುಳ್ಳಂತೆ! ಅಲ್ಲಿ ಗೋಡೆ ಮೇಲಿದೆಯಲ್ಲ, ಅವರಿಗೆ ಕಳ್ಸಿದ್ದೂ ಇದೇ ಸುಳ್ಳಿರ್ಬೇಕು!"

ಎಲ್ಲರ ಕತ್ತೂ ಚೌಕಟ್ಟಿನ ಕಡೆ ತಿರುಗಿತು. "ಹಂಗಾದ್ರೆ ನಮ್ಮೂರ ನೀರಲ್ಲಿ ಏನೂ ಇಲ್ವಾ?" ಎಂದ ಡೆಂಜಿಲ್ ಮುದುಕ. "ಬೋರ್ಡ್ ಬೇರೆ ನಿಲ್ಸಿದೀವಲ್ರೋ!"

"ಅಧ್ಯಕ್ಷರಿಗೂ ಸುಳ್ಳು ಬರೆದೆಯಾ?" ಎಂದು ಯಾರೋ ಕೇಳಿದರು.

"ಬರ್ದೆ," ಎಂದಳು ವರ್ನೀಟಾ. "ಅದ್ರ ಮೇಲೆ ಏನು ಬೇಕಾದ್ರೂ ಅನ್ನಿ. ಈಗಲ್ಲ, ಆಮೇಲೆ. ಯಾರ ಮನೇಲಾದ್ರೂ ಆ ಕಾಯಿ ಇದ್ರೆ ಕೊಡಿ. ಮಂಗಳವಾರ ಅವನನ್ನ ಕರ್ಕೊಂಡು ಹೋಗ್ತಾರೆ."

ಅಲ್ಲಿದ್ದವರೆಲ್ಲ ಪುಸ್ತಕದಲ್ಲಿ ಏನಾದರೊಂದು ಬಿಟ್ಟವರೇ. ನಾನೂ ಸೇರಿ ಒಬ್ಬಳೂ ಬಾಯಿ ಬಿಡಲಿಲ್ಲ. ಓಪಲ್ ಏಪ್ರನ್ ಬಿಚ್ಚಿ ಮೇಜಿನ ಮೇಲೆ ಎಸೆದು, ಒಲೆಯನ್ನೂ ಆರಿಸದೆ ಮೆಟ್ಟಿಲು ಹತ್ತಿ ಹೋದಳು. ನಾನು ಒಲೆ ಆರಿಸಿದೆ.

ಭಾನುವಾರ ಆರಾಧನೆಯಲ್ಲಿ ಓಪಲ್ ಕೂರುವ ಜಾಗ ಖಾಲಿಯಿತ್ತು. ವರ್ನೀಟಾಳದೂ ಖಾಲಿ. ಪಾಸ್ಟರರು ಹೋಬರ್ಟನಿಗಾಗಿ ಪ್ರಾರ್ಥಿಸಿದರು. ನಾನು ಕಣ್ಣು ಮುಚ್ಚಿ ನನ್ನ 'ಎಂದಿನ ಹಾಗೇ ಇತ್ತು' ಎಂಬ ಮಾತನ್ನು ದೇವರ ಮುಂದಿಟ್ಟು ಕೂತೆ.

ಮಧ್ಯಾಹ್ನ ಹೋದಾಗ ವರ್ನೀಟಾ ಹೋಬರ್ಟನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಬಾಗಿಲ ಬಳಿ ಅವನ ಚೀಲ ಬಾಯ್ತೆರೆದು ಕೂತಿತ್ತು. ಕ್ಷೌರದ ಸಾಮಾನು, ಉಣ್ಣೆಯ ಕಾಲುಚೀಲ, ಮದುವೆಯ ಫೋಟೊ.

"ಇವತ್ತೇ ಯಾಕೆ?" ಎಂದೆ.

"ಮಂಗಳವಾರ ಗಡಿಬಿಡೀಲಿ ಏನಾದ್ರೂ ಮರೀತೀನಿ." ಇಸ್ತ್ರಿಪೆಟ್ಟಿಗೆ ಒಂದೇ ತೋಳಿನ ಮೇಲೆ ಹೋಗಿ ಬರುತ್ತಿತ್ತು. "ಅವನು ಚೀಲ ನೋಡ್ದ. ಎಲ್ಲಾ ಅರ್ಥ ಆಗುತ್ತೆ ಅವನಿಗೆ. ಮಾತಷ್ಟೇ ಹೋಗಿರೋದು."

"ಪ್ರಾರ್ಥನೆ ಮಾಡೋಣ್ವಾ?"

"ನೀನು ಮಾಡು. ನಂಗೆ ಕೇಳೋಕೆ ಮುಖ ಇಲ್ಲ."

ಒಳಗಿನಿಂದ ಹೋಬರ್ಟ್ "ಇಲ್ಲ, ಇಲ್ಲ" ಎನ್ನುತ್ತಿದ್ದ. ಯಾರಿಗೂ ಅಲ್ಲ, ತಲೆಯ ಮೇಲಿನ ಸೂರಿಗೆ. ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತುವುದನ್ನು ಮರೆತಳು. ಅಂಗಿಯ ಮೇಲೆ ಕಂದು ಗುರುತು ಬಿತ್ತು. ಸುಟ್ಟ ವಾಸನೆ ನನಗೆ ಬಂತು, ಅವಳಿಗೆ ಬರಲಿಲ್ಲ. ನಾನೇ ಕೈ ಹಾಕಿ ಎತ್ತಿದೆ.

ಸೋಮವಾರ ಬೆಳಿಗ್ಗೆ ಹಿಂಬಾಗಿಲು ತಟ್ಟದೆ ತೆರೆದುಕೊಂಡಿತು. ಓಪಲ್. ಮೊಣಕಾಲಿನವರೆಗೆ ಕೆಸರು, ಕೆನ್ನೆಯಲ್ಲಿ ಗೀರು, ಕಂಕುಳಲ್ಲಿ ಹಳೆ ಪತ್ರಿಕೆಯಲ್ಲಿ ಸುತ್ತಿದ ಕಡ್ಡಿಯ ಕಟ್ಟು.

"ಕಾಯಿ ಯಾರ ಮನೇಲೂ ಇಲ್ಲ," ಎಂದಳು. "ನಿನ್ನೆ ಇಡೀ ದಿನ ಏಳು ಮನೆ ಸುತ್ತಿದೆ. ಪೊದೇಲೂ ಇಲ್ಲ, ಹಕ್ಕಿ ತಿಂದಿದಾವೆ." ಒಂದು ಕಡ್ಡಿ ತೆಗೆದು ಉಗುರಿನಿಂದ ತೊಗಟೆ ಕೆರೆದಳು. ಅಡುಗೆಮನೆಯಲ್ಲಿ ನಿಂಬೆಸಿಪ್ಪೆಯಂಥ, ಮೆಣಸಿನಂಥ ಒಂದು ಘಮ ಎದ್ದಿತು. "ಆದ್ರೆ ಕಡ್ಡೀಲಿ ಜೀವ ಇದೆ. ನಮ್ಮಜ್ಜಿ ಜ್ವರಕ್ಕೆ ಇದನ್ನೇ ಕುದಿಸ್ತಿದ್ಲು. ಹಾಲಲ್ಲಿ ನೆನೆಹಾಕಿ ನೋಡೋಣ."

ವರ್ನೀಟಾ ಎದ್ದು ನಿಂತಳು. "ಓಪಲ್, ನಾನು..."

"ನಿನಗೋಸ್ಕರ ಬಂದಿಲ್ಲ. ಗಣೀಲಿ ನಮ್ಮಪ್ಪನ ಮೇಲೆ ಬಂಡೆ ಜಾರಿದಾಗ ಹೊತ್ಕೊಂಡು ಬಂದೋನು ಹೋಬರ್ಟ್. ಹಾಲು ಎಲ್ಲಿ?"

ಮೊದಲ ಸಲ ಹಾಲಿಗೆ ಏನೂ ಇಳಿಯಲಿಲ್ಲ. ಎರಡನೆಯ ಸಲ ಓಪಲ್ ಕಡ್ಡಿಗಳನ್ನು ಜಜ್ಜಿ ಹಾಕಿದಳು. ಕಹಿಯಾಯಿತೆಂದು ಚೆಲ್ಲಿದಳು. ಮೂರನೆಯ ಸಲ ಒಲೆಯಿಂದ ಇಳಿಸಿದ ಹಾಲಿನಲ್ಲಿ ಬರೀ ತೊಗಟೆಯನ್ನು ಮುಳುಗಿಸಿ, ನಿಮಿಷಕ್ಕೊಮ್ಮೆ ಚಮಚ ನೆಕ್ಕುತ್ತ ನಿಂತಳು. ಹಣ್ಣಿನ ತಿರುಳನ್ನು ನಾಲಿಗೆಯ ತುದಿ, ಬದಿ, ಹಿಂದೆ ಎಲ್ಲ ಕಡೆ ಇಟ್ಟು ನೋಡಿದಳು. "ಈ ಸಲ ಒಗರು ಕಮ್ಮಿ. ಮಸಾಲೆ ಕೈ ಹಿಡಿದು ಹಾಕ್ಬೇಕು." ವರ್ನೀಟಾ ಅಳತೆಯಿಲ್ಲದೆ ಹಿಟ್ಟು, ಮಜ್ಜಿಗೆ, ಮೊಟ್ಟೆ, ಸೋಡಾ ಬೆರೆಸಿದಳು. ಅದಕ್ಕೆ ಅವಳಿಗೆ ಮೂಗು ಬೇಕಿರಲಿಲ್ಲ.

ಕಾಲುಗಂಟೆಯಾದಾಗ ವರ್ನೀಟಾ ಓವನ್ ಬಾಗಿಲು ತೆಗೆದಳು. ಉಬ್ಬಿ ಬಂದಿದ್ದ ಪುಡ್ಡಿಂಗ್ ಉಸ್ಸೆಂದು ಕುಸಿಯಿತು. ಮರದ ಸೌಟಿನಿಂದ ಅಡಿಯ ಕಪ್ಪನ್ನು ಮೇಲಕ್ಕೆ ಕಲಸಿ ಮತ್ತೆ ಒಳಗಿಟ್ಟಳು.

"ಇಷ್ಟೇನಾ?" ಎಂದಳು ಓಪಲ್.

"ಇಷ್ಟೇ. ಇನ್ನೂ ಮೂರು ಸಲ. ಮಳೇಲಿ ನೆನೆದ ಮರದ ತೊಗಟೆ ಬಣ್ಣ ಬರೋತನಕ."

"ಇಷ್ಟನ್ನ ಬರ್ಯೋಕೆ ನಿನ್ನ ಗಂಟೇನು ಹೋಗ್ತಿತ್ತು?"

ಓಪಲ್‌ಳ ಕನ್ನಡಕದ ಮೇಲೆ ಹಬೆ ಕೂತಿತ್ತು. ಅವಳು ಒರೆಸಿಕೊಳ್ಳಲೂ ಇಲ್ಲ, ವರ್ನೀಟಾಳ ಕಡೆ ತಿರುಗಲೂ ಇಲ್ಲ. ಎರಡನೆಯ ಸಲ ಬಾಗಿಲು ತೆಗೆದಾಗ ಸೌಟು ಅವಳೇ ಕಿತ್ತುಕೊಂಡಳು.

ಮಧ್ಯಾಹ್ನ ಬಟ್ಟಲು ಹಿಡಿದು ಮೂವರೂ ಮಂಚದ ಬಳಿ ಹೋದೆವು. ಹೋಬರ್ಟ್ ಬಟ್ಟಲನ್ನು ಕಂಡ. ತುಟಿಗಳನ್ನು ಒಳಗೆಳೆದುಕೊಂಡು ಬಿಗಿಹಿಡಿದ. ಶುಕ್ರವಾರವನ್ನು ಅವನು ಮರೆತಿರಲಿಲ್ಲ.

"ಹೋಬರ್ಟ್, ಇದು ಬೇರೆ," ಎಂದಳು ವರ್ನೀಟಾ. "ಒಂದೇ ಒಂದು ಚಮಚ."

"ಇಲ್ಲ."

"ನಂಗೆ ವಾಸನೆ ಬರಲ್ಲ ಹೋಬರ್ಟ್. ಎರಡು ವರ್ಷದಿಂದ ಬರಲ್ಲ. ಅವತ್ತು ನಂಗೆ ಗೊತ್ತಾಗ್ಲಿಲ್ಲ. ಗೊತ್ತಿದ್ದು ಕೊಟ್ಟಿದ್ದಲ್ಲ. ನಾಳೆ ಬರ್ತಾರೆ ಅವರು. ನಾನು ಮಾತು ಕೊಟ್ಟಿದೀನಿ ನಿಂಗೆ. ಬಾಯಿ ತೆಗೀ. ದಮ್ಮಯ್ಯ ಅಂತೀನಿ, ತೆಗೀ."

ಅವನು ತೆಗೆಯಲಿಲ್ಲ. ಅವಳನ್ನು ನೋಡುತ್ತಲೇ ಇದ್ದ. ಅವಳು ಚಮಚವನ್ನು ಮತ್ತೆ ಅವನ ತುಟಿಯ ಬಳಿ ತಂದಳು. ಇನ್ನು ಮುಗಿಯಿತು ಎಂದು ನಾನು ಕಿಟಕಿಯ ಕಡೆ ತಿರುಗಿದೆ.

"ಚಮಚ ಬಿಡು," ಎಂದಳು ಓಪಲ್. "ಬಟ್ಟಲನ್ನ ಅವನ ಮೂಗಿನ ಕೆಳಗೆ ಹಿಡಿ. ಹಿಡ್ಕೊಂಡೇ ಇರು."

ವರ್ನೀಟಾ ಹಿಡಿದಳು. ಹಬೆ ಅವನ ಮುಖದ ಮೇಲೆ ಹಾದುಹೋಯಿತು. ಎಷ್ಟು ಹೊತ್ತು ಎಂದು ಹೇಳಲಾರೆ. ಅವನ ಮೂಗಿನ ಹೊಳ್ಳೆ ಅಲುಗಿತು. ಮತ್ತೊಮ್ಮೆ ಅಲುಗಿತು. ತನಗೆ ತಿಳಿಯದ ಆ ಘಮ ಅವನೊಳಕ್ಕೆ ಹೋಗುವುದನ್ನು ಅವಳು ನೋಡಿದಳು. ಅವನ ಕೆಳತುಟಿ ಸಡಿಲವಾಯಿತು.

ಮೊದಲ ಚಮಚವನ್ನು ಅವನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡ. ಗಂಟಲು ಮೇಲೆ ಹೋಗಿ ಕೆಳಗಿಳಿಯಿತು. ಎರಡನೆಯದು. ಮೂರನೆಯದು. ಐದನೆಯದಕ್ಕೆ ತಲೆ ತಿರುಗಿಸಿದ, ಆದರೆ ಗೋಡೆಯ ಕಡೆ ಅಲ್ಲ.

ಅಡುಗೆಮನೆಗೆ ಬಂದು ವರ್ನೀಟಾ ಉಳಿದದ್ದರಲ್ಲಿ ಒಂದು ಚಮಚ ತಿಂದಳು. ಬೆಚ್ಚಗೆ, ಒದ್ದೆಯಾಗಿ ಏನೋ ಇಳಿಯಿತು ಅವಳಿಗೆ, ಅಷ್ಟೆ. "ಹೇಗಿದೆ ಓಪಲ್? ಇದ್ದದ್ದು ಇದ್ದ ಹಾಗೆ ಹೇಳು."

ಓಪಲ್ ತಿಂದಳು, ಕಣ್ಣು ಮುಚ್ಚಿಕೊಂಡಳು. "ನೀನು ಮಾಡ್ತಿದ್ದಷ್ಟು ಆಳ ಇಲ್ಲ. ಕಡ್ಡಿಯದು ಸ್ವಲ್ಪ ಹಸಿ ಹಸಿ. ಹಣ್ಣು ಮುಂದೆ ಬರುತ್ತೆ, ಆಮೇಲೆ ತಳ ಹಿಡಿದ ಸಕ್ಕರೆ, ಕೊನೇಲಿ ಮೆಣಸಿನ ಹಾಗೆ ಒಂಚೂರು ಚುರುಕು. ಕಮಟು ಇಲ್ಲ. ಒಂದಿಷ್ಟೂ ಇಲ್ಲ."

ಓದು ಬಾರದವರು ಕಾಗದ ಓದಿಸಿಕೊಳ್ಳುವ ಹಾಗೆ ವರ್ನೀಟಾ ಕೇಳಿಸಿಕೊಂಡಳು. ಆಮೇಲೆ, "ನನ್ನನ್ನ ಕ್ಷಮಿಸ್ದೆಯಾ?" ಎಂದಳು.

"ಇನ್ನೂ ಇಲ್ಲ," ಎಂದಳು ಓಪಲ್. "ಪಾತ್ರೆ ಕೊಡಿಲ್ಲಿ, ತೊಳೀತೀನಿ."

ಮಂಗಳವಾರ ಬೆಳಿಗ್ಗೆ ಶೆಲ್ಬಿ ಬಂದಾಗ ಹೋಬರ್ಟ್ ಇನ್ನೂ ಆರು ಚಮಚ ತಿಂದಿದ್ದ. ಅವಳು ನಾಡಿ ನೋಡಿದಳು, ಚರ್ಮ ಹಿಂಡಿ ನೋಡಿದಳು, ಬಟ್ಟಲಿನೊಳಗೆ ಇಣುಕಿ ನೋಡಿದಳು. ವರ್ನೀಟಾ ಮಂಚದ ಅಂಚು ಹಿಡಿದು ನಿಂತಿದ್ದಳು.

"ಇಷ್ಟರಲ್ಲಿ ಮನುಷ್ಯ ಬದುಕೋಕಾಗಲ್ಲ ಮಿಸೆಸ್ ಪ್ಯಾಜೆಟ್," ಎಂದಳು. "ಆದ್ರೆ ಬಾಯಿಂದ ತಿಂದಿದಾರೆ ಅಂತ ನಾನು ಬರೀಬಹುದು. ಸುಳ್ಳಲ್ಲವಲ್ಲ ಅದು. ಶುಕ್ರವಾರ ಮತ್ತೆ ಬರ್ತೀನಿ. ಅಷ್ಟರಲ್ಲಿ ಇದರ ಎರಡರಷ್ಟು ತಿಂತಿರ್ಬೇಕು."

ಶೆಲ್ಬಿಯ ಕಾರು ಇಳಿಜಾರಿನಲ್ಲಿ ಮರೆಯಾಯಿತು. ಹೋಬರ್ಟನ ಚೀಲ ಬಾಗಿಲ ಬಳಿ ಇದ್ದಲ್ಲೇ ಇತ್ತು. ವರ್ನೀಟಾ ಅದನ್ನು ಬಿಚ್ಚಲಿಲ್ಲ. ಸುಟ್ಟ ಅಂಗಿಯ ಬದಲು ಇಡಬೇಕಾಗಿದ್ದ ಇನ್ನೊಂದು ಅಂಗಿಯನ್ನು ಮಾತ್ರ ಒಳಗಿಡದೆ ಕುರ್ಚಿಯ ಮೇಲೆ ಹಾಕಿದಳು. ಶುಕ್ರವಾರಕ್ಕೆ ಮೂರು ದಿನ. ತಟ್ಟೆಯಲ್ಲಿ ಉಳಿದದ್ದು ನಾಳೆಗೆ ಸಾಲದು.

ಬೆಳಿಗ್ಗೆಯೇ ಬಂದಿದ್ದ ಓಪಲ್ ಡ್ರಾಯರ್ ಎಳೆದು ಕಡ್ಡಿ ಕೊಯ್ಯಲು ಒಂದು ಚಾಕು ಆರಿಸಿಕೊಂಡಳು. ಹಿಂಬಾಗಿಲ ಬಳಿ ಕೂತು, ಇನ್ನೂ ಒಣಗದ ಕೆಸರಿನ ಬೂಟುಗಳನ್ನು ಕಾಲಿಗೇರಿಸಿ, ಹಳ್ಳದ ಕಡೆ ಹೊರಟಳು.